ಹಳೇ ಕಾರಿನ ಸೀಟ್ ಬೆಲ್ಟ್ ಯಾವ ಕಾಲದ್ದು ಅಂತ ಪತ್ತೆ ಮಾಡುವುದು ಹೇಗೆ?

ಹಳೇ ಸೀಟ್ ಬೆಲ್ಟ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಬಕಲ್ ಮೇಲಿನ ಲಾಂಛನದ ಕಡೆಗೆ. ಅದನ್ನು ಕೊನೆಗೆ ನೋಡಿ. ಲಾಂಛನ ಹೊಸದಾಗಿ ಅಂಟಿಸಿದ್ದಿರಬಹುದು, ಹಳೇ ಬಕಲ್‌ಗೆ ಹೊಸ ಪಟ್ಟಿ ಹೊಲಿಸಿರಬಹುದು, ಎರಡು ಬೇರೆ ಕಾರುಗಳ ಬೆಲ್ಟನ್ನು ಒಂದು ಜೋಡಿ ಅಂತ ಮಾರುತ್ತಿರಬಹುದು. ಲೇಬಲ್, ಬಕಲ್, ಪಟ್ಟಿ ಮೂರೂ ಒಂದೇ ಕಾಲವನ್ನು ಹೇಳಿದರೆ ಮಾತ್ರ ನಂಬಿ.

ಮೊದಲು ಲೇಬಲ್. ಇದನ್ನು ಸಾಮಾನ್ಯವಾಗಿ ಬೋಲ್ಟ್ ಹಾಕುವ ತುದಿಯ ಹತ್ತಿರ ಪಟ್ಟಿಗೆ ಹೊಲಿದಿರುತ್ತಾರೆ. ಸೀಟಿನ ಕೆಳಗೆ ಇರುವ ಜಾಗವಾದ್ದರಿಂದ ಕೊಳೆ ಜಾಸ್ತಿ. ಆದರೆ ಸುಮ್ನೆ ಸೋಪು ಹಾಕಿ ಉಜ್ಜಬೇಡಿ, ಅಕ್ಷರವೇ ಅಳಿಸಿ ಹೋಗುತ್ತದೆ. ಪಕ್ಕದಿಂದ ಓರೆಯಾಗಿ ಟಾರ್ಚ್ ಬಿಟ್ಟು ಫೋಟೊ ತೆಗೆದುಕೊಳ್ಳಿ, ಆಮೇಲೆ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ.

ಅಮೆರಿಕದ ಬೆಲ್ಟ್ ಆದರೆ ತಯಾರಕರ ಹೆಸರು, ಮಾಡೆಲ್, ವರ್ಷ ಸಿಗುತ್ತದೆ. ಎಫ್‌ಎಂವಿಎಸ್‌ಎಸ್ 209 ಅನ್ನುವ ಅಲ್ಲಿನ ಸರ್ಕಾರದ ಸೀಟ್ ಬೆಲ್ಟ್ ಮಾನದಂಡ ಜಾರಿಗೆ ಬಂದದ್ದು 1967ರಲ್ಲಿ, ಹಾಗಾಗಿ ಅದರ ಹೆಸರು ಇದ್ದ ಬೆಲ್ಟ್ 1964ರ ಕಾರಿನ ಜೊತೆ ಹುಟ್ಟಿದ್ದಲ್ಲ. ಅದಕ್ಕಿಂತ ಹಳೆಯ ಲೇಬಲ್‌ಗಳಲ್ಲಿ ಎಸ್‌ಎಇ ಜೆ4 ಅಂತ ಕಾಣಬಹುದು, ಅದು ಅಲ್ಲಿನ ವಾಹನ ಎಂಜಿನಿಯರುಗಳ ಸಂಘದ ಮಾನದಂಡ. ಒಂದು ವಿಷಯ ನೆನಪಿರಲಿ: ಲೇಬಲ್ ಮೇಲಿರುವುದು ಬೆಲ್ಟ್ ತಯಾರಾದ ವರ್ಷ. 1968ರ ಮಾಡೆಲ್ ಕಾರಿನಲ್ಲಿ 1967ರ ಬೆಲ್ಟ್ ಇದ್ದರೆ ಸರಿಯೇ, ಆ ಮಾಡೆಲ್‌ನ ಕಾರುಗಳು ಹಿಂದಿನ ವರ್ಷದ ಕೊನೆಯಲ್ಲೇ ತಯಾರಾಗುತ್ತಿದ್ದವು. 1971 ಅಂತ ಇದ್ದರೆ ಯಾರೋ ಬದಲಾಯಿಸಿದ್ದಾರೆ.

ಬ್ರಿಟನ್ನಿನ ಬೆಲ್ಟ್‌ಗಳಲ್ಲಿ ಬಿಎಸ್ 3254 ಅನ್ನುವ ಬ್ರಿಟಿಷ್ ಮಾನದಂಡದ ಸಂಖ್ಯೆ ಮತ್ತು ಗಾಳಿಪಟದ ಆಕಾರದ ಮುದ್ರೆ (ಕೈಟ್‌ಮಾರ್ಕ್) ಹುಡುಕಿ. ವೃತ್ತದೊಳಗೆ ಇಂಗ್ಲಿಷಿನ ‘ಇ’ ಅಕ್ಷರ, ಪಕ್ಕದಲ್ಲಿ ಒಂದು ಸಂಖ್ಯೆ ಇದ್ದರೆ ಅದು ಯುರೋಪಿನ ಅನುಮೋದನೆ: 1 ಜರ್ಮನಿ, 4 ನೆದರ್ಲೆಂಡ್ಸ್, 5 ಸ್ವೀಡನ್, 11 ಬ್ರಿಟನ್. ಅದು ಅನುಮೋದನೆ ಕೊಟ್ಟ ದೇಶ ಅಷ್ಟೇ, ಕಾರು ತಯಾರಾದ ದೇಶ ಅಲ್ಲ. ಸೀಟ್ ಬೆಲ್ಟಿನ ಆ ನಿಯಮ ಬಂದದ್ದೇ 1970ರಲ್ಲಿ. ಈ ಗುರುತಿರುವ ಬೆಲ್ಟನ್ನು 1962ರ ಕಾರಿನ ಒರಿಜಿನಲ್ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಈಗ ಬಕಲ್. ತೀರಾ ಹಳೆಯ ಕೆಲವು ಬೆಲ್ಟ್‌ಗಳಲ್ಲಿ ಬಕಲ್‌ಗೆ ಸಿಕ್ಕಿಸುವ ಲೋಹದ ನಾಲಿಗೆಯೇ ಇರುವುದಿಲ್ಲ, ಹಲ್ಲಿರುವ ಒಂದು ಕಂಬಿ ಬಟ್ಟೆಯನ್ನೇ ನೇರವಾಗಿ ಕಚ್ಚಿ ಹಿಡಿಯುತ್ತದೆ. ಆಮೇಲೆ ವಿಮಾನದಲ್ಲಿರುವ ಹಾಗೆ ಮುಚ್ಚಳ ಎತ್ತಿ ಬಿಡಿಸುವ ಬಕಲ್, ನಂತರ ಒತ್ತುವ ಬಟನ್. ಆದರೆ ಇವು ಒಂದು ಮುಗಿದ ಮೇಲೆ ಇನ್ನೊಂದು ಅಂತ ಬಂದದ್ದಲ್ಲ, ವರ್ಷಗಟ್ಟಲೆ ಜೊತೆಜೊತೆಗೇ ಇದ್ದವು. ಬಕಲ್ ಒಂದರಿಂದಲೇ ವರ್ಷ ಹೇಳಲಾಗುವುದಿಲ್ಲ.

ಬೆಲ್ಟಿನ ವಿನ್ಯಾಸವೂ ಸುಳಿವು ಕೊಡುತ್ತದೆ. ಅಮೆರಿಕದ ಕಾರು ಕಂಪನಿ ನ್ಯಾಶ್ 1949ರಲ್ಲಿ, ಫೋರ್ಡ್ 1956ರ ಮಾಡೆಲ್‌ಗಳಲ್ಲಿ ಕೊಟ್ಟದ್ದು ಸೊಂಟದ ಬೆಲ್ಟ್, ಅದೂ ಬೇಕಾದವರಿಗೆ ಮಾತ್ರ. ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ, ಸೊಂಟ ಮತ್ತು ಭುಜ ಎರಡನ್ನೂ ಹಿಡಿಯುವ ಮೂರು ಬಿಂದುವಿನ ಬೆಲ್ಟ್ ವೋಲ್ವೊದಲ್ಲಿ ಬಂದದ್ದು 1959ರಲ್ಲಿ. ಅಮೆರಿಕದಲ್ಲಿ 1968ರಿಂದ ಮುಂದಿನ ಸೀಟಿಗೆ ಭುಜದ ಬೆಲ್ಟ್ ಕಡ್ಡಾಯವಾದರೂ, ಎಷ್ಟೋ ಕಾರುಗಳಲ್ಲಿ ಅದು ಬೇರೆಯೇ ಪಟ್ಟಿ, ಬಾಗಿಲಿಗಿಂತ ಮೇಲೆ, ಛಾವಣಿಯ ಅಂಚಿನ ಕ್ಲಿಪ್ಪಿಗೆ ಸಿಕ್ಕಿಸಿ ಇಡುವಂಥದ್ದು. ಇವು ಕಳೆದುಹೋಗಿರುವುದೇ ಹೆಚ್ಚು. ಅಂಥ ಕಾರು ನಿಮ್ಮದಾಗಿದ್ದರೆ ಅದೇ ಅಂಚಿನ ಬೋಲ್ಟ್ ತೂತು ಖಾಲಿ ಇದೆಯಾ ನೋಡಿ.

ಪಟ್ಟಿಯಲ್ಲಿ ನಾನು ಮೊದಲು ನೋಡುವುದು ಹೊಲಿಗೆಯ ಮಡಿಕೆಯ ಒಳಭಾಗ. ಬಿಸಿಲು ತಾಗದ ಜಾಗ ಅದು, ಮೂಲ ಬಣ್ಣ ಅಲ್ಲಿ ಉಳಿದಿರುತ್ತದೆ. ಪಟ್ಟಿ ಮಾಸಿದ್ದು, ದಾರ ಮಾತ್ರ ಹೊಳೆಯುತ್ತಿದ್ದರೆ ಮತ್ತೆ ಹೊಲಿದಿದ್ದಾರೆ ಅಂತಲೇ ಅರ್ಥ. ಬಕಲ್ ಹಳೆಯದಾಗಿ ಸವೆದಿದ್ದು, ಪಟ್ಟಿ ಅದರೊಳಗೆ ಜಾರುವ ಜಾಗದಲ್ಲಿ ಒಂದು ಗೆರೆಯೂ ಇಲ್ಲದಿದ್ದರೂ ಅದೇ ಕಥೆ. ಬೋಲ್ಟ್ ಕೂತಿತು ಅಂತ ಖುಷಿಪಡಬೇಡಿ, 7/16 ಇಂಚಿನ ಬೋಲ್ಟ್ ಲೆಕ್ಕವಿಲ್ಲದಷ್ಟು ಕಾರುಗಳಲ್ಲಿದೆ.

ಗುರುತು ಸಿಕ್ಕಿದ ಮಾತ್ರಕ್ಕೆ ಹಳೇ ಪಟ್ಟಿ ಕಟ್ಟಿಕೊಂಡು ಓಡಿಸಬೇಡಿ. ಬಿಸಿಲಿಗೆ ನೂಲು ಬಲ ಕಳೆದುಕೊಂಡಿರುತ್ತದೆ, ಹೊರಗಿನಿಂದ ಅದು ಗೊತ್ತಾಗುವುದಿಲ್ಲ. ಬ್ಲೀಚ್, ಬಣ್ಣ ಅಂತೂ ಬೇಡವೇ ಬೇಡ. ಓಡಿಸುವ ಕಾರಾದರೆ ಬೆಲ್ಟ್ ಕೆಲಸ ಗೊತ್ತಿರುವವರ ಹತ್ತಿರ ಹೊಸ ಪಟ್ಟಿ ಹಾಕಿಸಿ, ಬಕಲ್ ಹಿಡಿತವನ್ನೂ ಪರೀಕ್ಷೆ ಮಾಡಿಸಿ. ಬಿಚ್ಚಿದ ಹಳೇ ಪಟ್ಟಿಯನ್ನು ಲೇಬಲ್ ಸಮೇತ ವಾಪಸ್ ಕೇಳಿ ತೆಗೆದಿಟ್ಟುಕೊಳ್ಳಿ.