ಕೋಪನ್‌ಹೇಗನ್‌ನಲ್ಲಿ ಸೈಕಲ್ ಎಡಕ್ಕೆ ತಿರುಗಿಸುವ ಮುನ್ನ

ಕೋಪನ್‌ಹೇಗನ್‌ಗೆ ನಮ್ಮನೆಗೆ ಬರುವ ನೆಂಟರೆಲ್ಲ ಟಿಕೆಟ್ ಬಗ್ಗೆ ಹತ್ತು ಸಲ ಫೋನ್ ಮಾಡಿ ಕೇಳುತ್ತಾರೆ. ಸೈಕಲ್ ಬಗ್ಗೆ ಒಬ್ಬರೂ ಕೇಳುವುದಿಲ್ಲ. ಪೆಟ್ಟು ಬೀಳುವುದು ಮಾತ್ರ ಅಲ್ಲೇ.

ಟಿಕೆಟ್ ಸುಲಭ. ಸಿಟಿ ಪಾಸ್ ಸ್ಮಾಲ್ ಕೊಳ್ಳಿ. 24ರಿಂದ 120 ಗಂಟೆಗಳವರೆಗಿನದು ಸಿಗುತ್ತದೆ. ವಿಮಾನ ನಿಲ್ದಾಣವೂ ಸೇರಿ 1ರಿಂದ 4ನೇ ವಲಯದವರೆಗೆ ಮೆಟ್ರೊ, ರೈಲು, ಬಸ್ಸು ಎಲ್ಲಕ್ಕೂ ನಡೆಯುತ್ತದೆ. ಬೆಂಗಳೂರಿನ ಮೆಟ್ರೊದಂತೆ ಇಲ್ಲಿ ಗೇಟುಗಳಿಲ್ಲ. ತಡೆಯುವವರಿಲ್ಲ ಎಂದು ಹಾಗೇ ಹತ್ತಬೇಡಿ, ತಪಾಸಣೆಯವರು ಬಂದರೆ ದಂಡ ಜೋರು.

ವಿಮಾನ ನಿಲ್ದಾಣದಿಂದ ಎಂ2 ಮೆಟ್ರೊವನ್ನೇ ಹಿಡಿಯಿರಿ. ಅದು ಅಲ್ಲಿಂದಲೇ ಹೊರಡುತ್ತದೆ, ಹೋಗುವುದು ಊರೊಳಕ್ಕೆ ಮಾತ್ರ. ರೈಲಾದರೆ ಬೋರ್ಡು ಓದಲೇಬೇಕು. ನನ್ನ ಚಿಕ್ಕಪ್ಪ ಓದದೆ ಹತ್ತಿ, ಸಮುದ್ರದ ಸೇತುವೆ ದಾಟಿ ಸ್ವೀಡನ್ನಿನ ಮಾಲ್ಮೊದಲ್ಲಿ ಇಳಿದಿದ್ದರು.

ಈಗ ಸೈಕಲ್. ಬಾಡಿಗೆಗೆ ಪಡೆದ ಕೂಡಲೇ ಪೆಡಲನ್ನು ಹಿಂದಕ್ಕೆ ಒತ್ತಿ ನೋಡಿ. ಇಲ್ಲಿನ ಬಹಳಷ್ಟು ಸೈಕಲ್‌ಗಳಿಗೆ ಹಿಂದಿನ ಬ್ರೇಕು ಕಾಲಿನಲ್ಲೇ ಇದೆ. ಗೊತ್ತಿಲ್ಲದೆ ಪೆಡಲ್ ಹಿಂದಕ್ಕೆ ಸುತ್ತಿದರೆ ಚಕ್ರ ಗಕ್ಕನೆ ನಿಲ್ಲುತ್ತದೆ. ಓಣಿಯೊಂದರಲ್ಲಿ ಹತ್ತು ನಿಮಿಷ ಅಭ್ಯಾಸ ಮಾಡಿಯೇ ದೊಡ್ಡ ರಸ್ತೆಗೆ ಬನ್ನಿ.

ಇಲ್ಲಿ ವಾಹನಗಳು ಬಲಕ್ಕೆ ಚಲಿಸುತ್ತವೆ. ಹಾಗಾಗಿ ನಮಗೆ ಊರಲ್ಲಿ ಬಲ ತಿರುವು ಎಷ್ಟು ಕಷ್ಟವೋ ಇಲ್ಲಿ ಎಡ ತಿರುವು ಅಷ್ಟು ಕಷ್ಟ. ಸಿಗ್ನಲ್ಲಿನಲ್ಲಿ ಕಾರುಗಳ ನಡುವೆ ಸೈಕಲ್ ನುಗ್ಗಿಸಿ ನೇರ ಎಡಕ್ಕೆ ಹೊರಳುವುದು ಕಾನೂನಿಗೂ ವಿರುದ್ಧ. ಬಲಬದಿಯಲ್ಲೇ ನೇರ ಹೋಗಿ ಅಡ್ಡರಸ್ತೆ ದಾಟಿ. ಆಚೆ ಮೂಲೆ ಮುಟ್ಟುವ ಮೊದಲೇ ಕೈಯನ್ನು ಭುಜದ ಮಟ್ಟಕ್ಕೆ ಎತ್ತಿ; ಹಿಂದಿನವರಿಗೆ ನೀವು ನಿಲ್ಲುತ್ತೀರೆಂದು ಗೊತ್ತಾಗಬೇಕು. ಮೂಲೆಯಲ್ಲಿ ನಿಂತು ಸೈಕಲ್ಲಿನ ಮೂತಿಯನ್ನು ಎಡಕ್ಕೆ ತಿರುಗಿಸಿ, ಆ ದಿಕ್ಕಿನ ಹಸಿರು ದೀಪಕ್ಕೆ ಕಾಯಿರಿ. ಅರ್ಧ ನಿಮಿಷ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಕೈ ಎತ್ತದೆ ನಿಂತವರಿಗೆ ಹಿಂದಿನಿಂದ ಗಂಟೆ ಬಾರಿಸುತ್ತಾರೆ. ಅದನ್ನು ಬೈಗುಳ ಅಂದುಕೊಳ್ಳಬೇಡಿ, ಬಲಕ್ಕೆ ಸರಿದು ದಾರಿ ಬಿಡಿ. ಸಂಜೆಗೆ ಹಿಂದೆ ಮುಂದೆ ದೀಪ ಕಡ್ಡಾಯ. ಅಗ್ಗದ ರಬ್ಬರ್ ಪಟ್ಟಿಯ ದೀಪ ನನ್ನದು ಎರಡು ದಿನಕ್ಕೇ ಕಳಚಿ ಬಿತ್ತು. ಬಾಡಿಗೆ ಅಂಗಡಿಯಲ್ಲಿ ದೀಪ ಕೂಡಿಸಿರುವ ಸೈಕಲ್ಲನ್ನೇ ಕೇಳಿ.

ಪ್ರವಾಸಿ ಬಸ್ಸಿಗೆ ದುಡ್ಡು ಸುರಿಯುವುದು ಬೇಡ. ಬಂದರಿನ ದೋಣಿ ಬಸ್ಸು ನಿಮ್ಮ ಪಾಸಿನಲ್ಲೇ ಇದೆ.

ಬಸ್ಸಿಳಿಯುವಾಗ ಮೊದಲು ನೆಲ ನೋಡಿ. ಪ್ರಯಾಣಿಕರಿಗೆಂದು ಪ್ರತ್ಯೇಕ ಕಟ್ಟೆ ಇದ್ದರೆ ಸೈಕಲ್‌ಗಳಿಗೆ ದಾರಿ ಬಿಡಬೇಕಾದವರು ನೀವು. ಕಟ್ಟೆಯಿಲ್ಲದೆ ನೇರ ಸೈಕಲ್ ಹಾದಿಗೇ ಇಳಿಯುವಂತಿದ್ದರೆ ಅವರು ನಿಲ್ಲಬೇಕು. ಆದರೂ ಬಲಕ್ಕೊಮ್ಮೆ ಎಡಕ್ಕೊಮ್ಮೆ ಕಣ್ಣು ಹಾಯಿಸಿಯೇ ಕಾಲಿಡಿ.