ದಿಂಬು ಹರಿದ ದಿನ ನಾನು ಕಲಿತದ್ದು

ಕಚೇರಿಯಿಂದ ಬಂದು ಬಾಗಿಲು ತೆಗೆದರೆ ಮನೆಯ ತುಂಬ ಹತ್ತಿ. ಸೋಫಾದ ಮೇಲೆ, ಕುರ್ಚಿಯ ಕೆಳಗೆ, ನೀರಿನ ಬಟ್ಟಲಿನಲ್ಲೂ ಹತ್ತಿ ತೇಲುತ್ತಿತ್ತು. ಮೂಲೆಯಲ್ಲಿ ನಮ್ಮ ನಾಯಿ ಮಿಂಚು ಕಿವಿಗಳನ್ನು ಹಿಂದಕ್ಕೆ ಮಡಚಿ, ಬಾಲವನ್ನು ಹೊಟ್ಟೆಯಡಿ ಸೇರಿಸಿ, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರುತ್ತ ಮುದುಡಿ ಕುಳಿತಿದ್ದಳು. "ಮಿಂಚು, ಏನು ಮಾಡಿದೆ ನೀನು?" ಎಂದು ಗದರಿದೆ. ಅವಳು ಇನ್ನಷ್ಟು ನೆಲಕ್ಕೆ ಅಂಟಿಕೊಂಡು ನಾಲಿಗೆಯಿಂದ ಮೂಗನ್ನು ಸವರಿಕೊಂಡಳು. ತಪ್ಪು ಒಪ್ಪಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಅಷ್ಟರಲ್ಲಿ ಒಳಕೋಣೆಯಿಂದ ಇನ್ನೊಂದು ನಾಯಿ ಗುಂಡ ಬಾಲವಾಡಿಸುತ್ತ ಬಂದ. ಅವನ ಮೀಸೆಯ ಕೂದಲಿಗೆ ಹತ್ತಿಯ ಎಳೆಗಳು ಅಂಟಿದ್ದವು. ಬಾಯಿಯ ಅಂಚಿನಲ್ಲಿ ದಿಂಬಿನ ಗವಸಿನ ನೀಲಿ ದಾರ ನೇತಾಡುತ್ತಿತ್ತು.

ಹರಿದವನು ಗುಂಡ, ಬೈಸಿಕೊಂಡವಳು ಮಿಂಚು. ಕಾರಣವೂ ಗವಸಿನೊಳಗೇ ಸಿಕ್ಕಿತು: ಯಾವಾಗಲೋ ಬಿದ್ದಿದ್ದ ಬಿಸ್ಕತ್ತಿನ ಪುಡಿ. ಅದನ್ನು ಹುಡುಕಿಕೊಂಡು ಹೋದ ಗುಂಡನಿಗೆ ತಾನು ಮಾಡಬಾರದ್ದನ್ನು ಮಾಡಿದೆನೆಂಬ ಅಳುಕು ಲವಲೇಶವೂ ಇರಲಿಲ್ಲ. ಮಿಂಚು ನಮ್ಮ ಮನೆಗೆ ಬಂದು ಆಗ ಎರಡು ತಿಂಗಳಾಗಿತ್ತಷ್ಟೆ. ಅದಕ್ಕೆ ಮುಂಚೆ ಬೇರೆ ಕಡೆ ಒಂದು ವರ್ಷ ಬೆಳೆದವಳು. ಏರುದನಿ ಕೇಳಿದರೆ ಮುಂದೇನಾಗುತ್ತದೆ ಎಂಬುದನ್ನು ಅವಳು ಅಲ್ಲೇ ಕಲಿತು ಬಂದಿದ್ದಳು.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಆಮೇಲೆ ಓದುತ್ತ ಹೋದಾಗ ಇದನ್ನೇ ಪರೀಕ್ಷಿಸಿದ್ದ ಒಂದು ಪ್ರಯೋಗದ ವಿವರ ಸಿಕ್ಕಿತು. ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿಜ್ಞಾನಿ 2009ರಲ್ಲಿ ಪ್ರಕಟಿಸಿದ ಅಧ್ಯಯನವದು. ತಿನಿಸು ಮುಟ್ಟಬೇಡ ಎಂದು ನಾಯಿಗೆ ಹೇಳಿ ಮಾಲೀಕರು ಕೋಣೆಯಿಂದ ಹೊರಗೆ ಹೋಗುತ್ತಿದ್ದರು. ಮರಳಿ ಬಂದಾಗ ನಾಯಿ ತಿಂದಿದೆಯೋ ಇಲ್ಲವೋ ಎಂಬುದನ್ನು ಅವರಿಗೆ ಕೆಲವು ಸಲ ನಿಜವಾಗಿ, ಕೆಲವು ಸಲ ಸುಳ್ಳಾಗಿ ಹೇಳಲಾಗುತ್ತಿತ್ತು. ನಾವು 'ತಪ್ಪಿತಸ್ಥ ಮುಖ' ಎನ್ನುವ ಆ ಭಾವ ನಾಯಿ ತಿಂದಿತ್ತೇ ಎಂಬುದಕ್ಕೆ ತಕ್ಕಂತೆ ಬರಲಿಲ್ಲ, ಮಾಲೀಕರು ಬೈದರೇ ಎಂಬುದಕ್ಕೆ ತಕ್ಕಂತೆ ಬಂತು. ತಿನ್ನದೆಯೇ ಬೈಸಿಕೊಂಡ ನಾಯಿಗಳಲ್ಲಿ ಅದು ಇನ್ನೂ ಎದ್ದು ಕಂಡಿತ್ತು. ಓದಿ ಮುಗಿಸಿದಾಗ ಮಿಂಚು ನನ್ನ ಕಾಲ ಬಳಿ ಮಲಗಿದ್ದಳು. ನಾನು ಅವಳ ಮುಖದಲ್ಲಿ ಓದಿದ್ದ ಪಶ್ಚಾತ್ತಾಪ ಬರೀ ಭಯವಾಗಿತ್ತು, ಅದೂ ನನ್ನನ್ನು ಕಂಡ ಭಯ.

ಅಂದಿನಿಂದ ಮನೆಯಲ್ಲಿ ಒಂದು ಪದ್ಧತಿ ಮಾಡಿಕೊಂಡೆ. ಮನೆಗೆ ಬಂದಾಗ ಏನೇ ಹರಿದಿರಲಿ, ಏನೇ ಚೆಲ್ಲಿರಲಿ, ಒಂದು ಮಾತೂ ಆಡದೆ ಎತ್ತಿ ಹಾಕುತ್ತೇನೆ. ಗಂಟೆಗಳ ಹಿಂದೆ ಮಾಡಿದ್ದಕ್ಕೂ ಈಗ ಬೀಳುವ ಬೈಗುಳಕ್ಕೂ ನಾಯಿ ನಂಟು ಹಾಕಲಾರದು. ನನ್ನ ಕಣ್ಣೆದುರೇ ಏನನ್ನಾದರೂ ಕಚ್ಚಲು ಹೋದರೆ ಹೆಸರು ಹಿಡಿದು ಕರೆದು ಬೇರೆ ಆಟಿಕೆ ಕೊಡುತ್ತೇನೆ, ಅದನ್ನು ಕಚ್ಚಿದರೆ ಮೆಚ್ಚುತ್ತೇನೆ. ಮಿಂಚು ನೆಲಕ್ಕೆ ಅಂಟಿಕೊಳ್ಳುವುದನ್ನು ಬಿಡಲು ಆರು ತಿಂಗಳು ಹಿಡಿಯಿತು. ಒಂದು ಸಂಜೆ ನಾನು ಬೀಗ ತೆಗೆಯುವಷ್ಟರಲ್ಲಿ ಅವಳು ಮೂಲೆಗೆ ಹೋಗದೆ ಬಾಗಿಲಿಗೇ ಓಡಿ ಬಂದಳು, ಬಾಯಲ್ಲಿ ನನ್ನ ಒಂದು ಚಪ್ಪಲಿ ಕಚ್ಚಿಕೊಂಡು, ಸೊಂಟದವರೆಗೂ ಬಾಲವಾಡಿಸುತ್ತ. ಅದನ್ನು ಅವಳು ಅಗಿದಿರಲಿಲ್ಲ. ಇವತ್ತಿಗೂ ನನ್ನನ್ನು ಎದುರುಗೊಳ್ಳುವುದು ಹೀಗೆಯೇ, ದಿನವೂ ಒಂದೇ ಕಾಲಿನ ಚಪ್ಪಲಿ.

ಚಪ್ಪಲಿ ಅಗಿಯುವ ಕಾಲವನ್ನು ಗುಂಡನ ಜೊತೆ ಆಗಲೇ ಕಳೆದಿದ್ದೆ. ಎಂಟು ವಾರದ ಮರಿಯಾಗಿ ಬಂದವನು ನಾಲ್ಕನೇ ತಿಂಗಳಿಗೆ ಮೇಜಿನ ಕಾಲು, ಚಾರ್ಜರಿನ ತಂತಿ, ಪುಸ್ತಕದ ಮೂಲೆ ಯಾವುದನ್ನೂ ಬಿಡಲಿಲ್ಲ. ನಾಯಿಮರಿಗೆ 28 ಹಾಲುಹಲ್ಲುಗಳು. ಅವು ಉದುರಿ 42 ಶಾಶ್ವತ ಹಲ್ಲುಗಳು ಬರುವುದು ಹೆಚ್ಚು ಕಡಿಮೆ ಇದೇ ಸಮಯದಲ್ಲಿ, ಆರೇಳು ತಿಂಗಳಾಗುವ ಹೊತ್ತಿಗೆ ಮುಗಿಯುತ್ತದೆ. ಒಸಡು ಅಷ್ಟು ತುರಿಸುವಾಗ ಮರಿ ಕಚ್ಚದೆ ಇನ್ನೇನು ಮಾಡೀತು? ಹಳೆಯ ಬಟ್ಟೆಯನ್ನು ಒದ್ದೆ ಮಾಡಿ, ಹಗ್ಗದಂತೆ ಹುರಿ ಹೊಸೆದು, ಫ್ರೀಜರಿನಲ್ಲಿಟ್ಟು ಕೊಡುತ್ತಿದ್ದೆ. ತಣ್ಣನೆಯ ಬಟ್ಟೆ ಕಚ್ಚಿ ಅವನು ಕಣ್ಣು ಅರೆಮುಚ್ಚುತ್ತಿದ್ದ. ಆ ವರ್ಷ ಚಾಪೆ ಕೊಡವುವಾಗ ಅಕ್ಕಿಕಾಳಿನಷ್ಟು ದೊಡ್ಡ ಒಂದು ಹಲ್ಲು ಸಿಕ್ಕಿತು, ತುದಿ ಸೂಜಿಯಂತಿತ್ತು. ಹೆಚ್ಚಿನ ಹಾಲುಹಲ್ಲುಗಳನ್ನು ಮರಿಗಳು ನುಂಗಿಬಿಡುತ್ತವೆ, ನಮ್ಮ ಕೈಗೆ ಸಿಗುವುದು ಅಪರೂಪ. ಅದನ್ನು ಒಂದು ಪುಟ್ಟ ಡಬ್ಬಿಯಲ್ಲಿ ಇಟ್ಟಿದ್ದೇನೆ.

ದಿಂಬಿನ ಪ್ರಸಂಗದಿಂದ ಬದಲಾದ ಇನ್ನೊಂದು ಸಂಗತಿ ವಾಕಿಂಗ್. ಮೊದಲೆಲ್ಲ ನಾನು ನಡೆಯುತ್ತಿದ್ದೆ, ಗುಂಡ ಹಿಂದೆ ಎಳೆಸಿಕೊಂಡು ಬರುತ್ತಿದ್ದ. ಪ್ರತಿ ಕಂಬಕ್ಕೂ ನಿಲ್ಲುತ್ತಾನೆಂದು ಬೇಸರಪಡುತ್ತಿದ್ದೆ. ದಿಂಬಿನೊಳಗಿನ ಬಿಸ್ಕತ್ತಿನ ಪುಡಿಯನ್ನು ಪತ್ತೆ ಹಚ್ಚಿದ ಮೂಗು ಅದು ಎಂಬುದು ಹೊಳೆದ ಮೇಲೆ ಬೆಳಗಿನ ನಡಿಗೆಯನ್ನು ಪೂರ್ತಿ ಅವನಿಗೇ ಬಿಟ್ಟುಕೊಟ್ಟೆ. ಹಗ್ಗವನ್ನು ಉದ್ದ ಮಾಡಿದೆ, ಅವನು ನಿಂತಲ್ಲಿ ನಿಂತೆ. ಒಂದು ಬೇಲಿಯ ಬುಡದಲ್ಲಿ ನಾಲ್ಕು ನಿಮಿಷ ನಿಂತದ್ದೂ ಉಂಟು. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನೋಡಿದರೆ ಆ ಮೂಗು ಮಾಡುವ ಕೆಲಸ ಕಾಣುತ್ತದೆ. ಮುಂದಿನ ಹೊಳ್ಳೆಯಿಂದ ಗಾಳಿ ಒಳಗೆ ಹೋಗುತ್ತದೆ, ಬಿಟ್ಟ ಉಸಿರು ಪಕ್ಕದ ಸೀಳುಗಳಿಂದ ಹಿಂದಕ್ಕೆ ಹೊರಳುತ್ತದೆ. ಹಾಗಾಗಿ ಮೂಸುತ್ತಿರುವ ವಾಸನೆ ಉಸಿರಿಗೆ ಚದುರಿ ಹೋಗುವುದಿಲ್ಲ. ಸೆಕೆಂಡಿಗೆ ಐದಾರು ಸಲ ಆ ಹೊಳ್ಳೆಗಳು ಅದುರುತ್ತವೆ. ಮೂಗಿನ ಪಕ್ಕದ ಮಣ್ಣಿನ ಪುಡಿ ಎರಡು ಪುಟ್ಟ ಸುಳಿಗಳಾಗಿ ಹಿಂದಕ್ಕೆ ಹಾರುವುದನ್ನು ಒಣಗಿದ ನೆಲದ ಮೇಲೆ ಕಣ್ಣಾರೆ ಕಂಡಿದ್ದೇನೆ. ಹೀಗೆ ಇಪ್ಪತ್ತು ನಿಮಿಷ ಮನಸಾರೆ ಮೂಸಿ ಬಂದ ನಂತರ ಗುಂಡ ಮನೆಯಲ್ಲಿ ಎಷ್ಟು ನೆಮ್ಮದಿಯಾಗಿ ಮಲಗುತ್ತಾನೋ, ಒಂದು ಗಂಟೆ ಎಳೆದುಕೊಂಡು ಹೋದಾಗಲೂ ಅಷ್ಟು ಮಲಗುತ್ತಿರಲಿಲ್ಲ.

ಚೆಂಡಿನ ಬಣ್ಣವನ್ನೂ ಬದಲಾಯಿಸಿದೆ. ಹುಲ್ಲಿನ ಮೇಲೆ ಕೆಂಪು ಚೆಂಡು ಎಸೆದರೆ ಮಿಂಚು ಅದರ ಪಕ್ಕದಲ್ಲೇ ಹಾದು ಹೋಗಿ ಮೂಗಿನಿಂದ ಹುಡುಕುತ್ತಿದ್ದಳು. ನಾಯಿಯ ಕಣ್ಣಿಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತವೆ, ಕೆಂಪು ಹಸಿರಿನಲ್ಲಿ ಬೆರೆತು ಮಂಕಾಗುತ್ತದೆ. ನೀಲಿ ಚೆಂಡು ತಂದ ದಿನ ಅವಳು ಒಂದೇ ನೆಗೆತಕ್ಕೆ ಹಿಡಿದಳು.

ಊಟದ ಹೊತ್ತಿನ ವಿಷಯಕ್ಕೆ ಬಂದರೆ ನಾನು ಬಹಳ ಕಟ್ಟುನಿಟ್ಟು. ತೊಡೆಯ ಮೇಲೆ ಗದ್ದ ಊರಿ ಮಿಂಚು ನೋಡುವ ನೋಟಕ್ಕೆ ಕರಗದವರಿಲ್ಲ. ಹೀಗೆ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ನಾಯಿ, ಮನುಷ್ಯ ಇಬ್ಬರಲ್ಲೂ ಆಕ್ಸಿಟೋಸಿನ್ ಏರುತ್ತದೆ ಎಂದು ಜಪಾನಿನ ಸಂಶೋಧಕರು 2015ರಲ್ಲಿ ತೋರಿಸಿದ್ದಾರೆ. ತಾಯಿ ಮಗುವಿನ ನಂಟನ್ನು ಬೆಸೆಯುವ ಹಾರ್ಮೋನೇ ಅದು. ಆದರೆ ಆ ನೋಟಕ್ಕೆ ಸೋತು ತಟ್ಟೆಯಲ್ಲಿದ್ದದ್ದನ್ನೆಲ್ಲ ಕೊಡುವಂತಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಇವು ನಾಯಿಗೆ ವಿಷ. ಸಕ್ಕರೆಯಿಲ್ಲದ ಚೂಯಿಂಗ್ ಗಮ್‌ನಲ್ಲಿ ಬಳಸುವ ಜೈಲಿಟಾಲ್ ಎಂಬ ಸಿಹಿ ಪದಾರ್ಥ ಇನ್ನೂ ಅಪಾಯ, ಸ್ವಲ್ಪವೇ ಹೊಟ್ಟೆಗೆ ಹೋದರೂ ರಕ್ತದ ಸಕ್ಕರೆ ಕುಸಿಯುತ್ತದೆ. ಅತಿಥಿಗಳು ಬಂದರೆ ಅವರ ಕೈಚೀಲವನ್ನು ಮೊದಲು ಎತ್ತರದಲ್ಲಿಡುತ್ತೇನೆ.

ಸ್ನಾನದ ದಿನವೇ ಮನೆಯಲ್ಲಿ ಅತಿ ಹೆಚ್ಚು ನಗು. ಸ್ನಾನದ ಕೋಣೆಯಲ್ಲಿ ತಲೆ ತಗ್ಗಿಸಿ ನಿಲ್ಲುವ ಮಿಂಚು, ಬಾಗಿಲು ತೆರೆದದ್ದೇ ತಡ, ಹಿಂಭಾಗ ತಗ್ಗಿಸಿ, ಬೆನ್ನು ಬಿಲ್ಲಾಗಿಸಿ ಮನೆಯನ್ನೆಲ್ಲ ನಾಲ್ಕೈದು ಸುತ್ತು ಓಡುತ್ತಾಳೆ. ಚಾಪೆಗೆ ಒಂದು ಕೆನ್ನೆ ಉಜ್ಜುತ್ತಾಳೆ, ಎದ್ದು ಇನ್ನೊಂದು ಸುತ್ತು. ನಾನು ಟವೆಲ್ ಹಿಡಿದು ಗೋಡೆಗೆ ಒರಗಿ ನಿಲ್ಲುತ್ತೇನೆ. ಆ ಎರಡು ನಿಮಿಷ ನಿಲ್ಲಿಸಲು ಹೋಗಬಾರದು. ಜಾರುವ ನೆಲದ ಮೇಲೆ ಮೊದಲೇ ಚಾಪೆ ಹಾಸಿಟ್ಟರೆ ಸಾಕು.

ಗುಡುಗಿನ ರಾತ್ರಿಗಳಲ್ಲಿ ಅದೇ ಮಿಂಚು ಸ್ನಾನದ ಕೋಣೆಯ ಮೂಲೆ ಸೇರುತ್ತಾಳೆ. "ಹೆದರಿದಾಗ ಮುದ್ದಿಸಬೇಡ, ಹೆದರಿಕೆ ಅಭ್ಯಾಸವಾಗುತ್ತದೆ" ಎಂದು ತುಂಬಾ ಜನ ಹೇಳಿದ್ದರು. ಅದನ್ನು ನಂಬಿ ಒಂದು ಮಳೆಗಾಲ ಅವಳನ್ನು ಒಂಟಿಯಾಗಿ ಬಿಟ್ಟದ್ದಕ್ಕೆ ನನಗೆ ಈಗಲೂ ನೋವಿದೆ. ಭಯ ಒಂದು ಭಾವ, ಅಪ್ಪುಗೆ ಸಿಗುತ್ತದೆಂದು ಯಾರೂ ಹೆದರುವುದಿಲ್ಲ. ಈಗ ಅಲ್ಲೇ ಒಂದು ಹೊದಿಕೆ ಹಾಸಿ ಪಕ್ಕದಲ್ಲಿ ಕುಳಿತು ಓದುತ್ತೇನೆ. ಅವಳ ಬೆನ್ನು ನನ್ನ ತೊಡೆಗೆ ತಾಗಿರುತ್ತದೆ. ನಡುಕ ನಿಂತದ್ದು ಕೈಗೇ ತಿಳಿಯುತ್ತದೆ.

ಕೈಗೆ ತಿಳಿಯುವುದು ಇನ್ನೂ ಬಹಳಷ್ಟಿದೆ. ದಿನಾ ರಾತ್ರಿ ಇಬ್ಬರನ್ನೂ ಕಿವಿಯಿಂದ ಬಾಲದವರೆಗೆ ನಿಧಾನವಾಗಿ ಸವರುತ್ತೇನೆ: ಕಿವಿಯ ಮಡಿಕೆ, ಕಂಕುಳು, ಬೆರಳ ಸಂದು. ಅವರಿಗೆ ಅದು ಮುದ್ದು, ನನಗೆ ತಪಾಸಣೆ. ಉಣ್ಣಿ ಸಿಕ್ಕಿದ್ದು, ಪಾದಕ್ಕೆ ಮುಳ್ಳು ಚುಚ್ಚಿದ್ದು, ಎಲ್ಲ ಹೀಗೆಯೇ ಗೊತ್ತಾಗಿದೆ. ನಾಯಿಯ ಮೈ ನಮ್ಮದಕ್ಕಿಂತ ಬೆಚ್ಚಗೆ, 38.3ರಿಂದ 39.2 ಡಿಗ್ರಿ ಸೆಲ್ಸಿಯಸ್ ಅದರ ಸಹಜ ಉಷ್ಣತೆ. ಹಾಗಾಗಿ ಮುಟ್ಟಿ ನೋಡಿ ಜ್ವರವೆಂದು ಗಾಬರಿಯಾಗದೆ ಥರ್ಮಾಮೀಟರ್ ಇಡುವುದನ್ನು ಪಶುವೈದ್ಯರಿಂದ ಕಲಿತುಕೊಂಡೆ.

ಗುಂಡನಿಗೆ ಈಗ ಹನ್ನೊಂದು ವರ್ಷ. ಮೂತಿ ಪೂರಾ ಬೆಳ್ಳಗಾಗಿದೆ. ಕಳೆದ ವರ್ಷದಿಂದ ಕಿವಿ ಕೇಳುವುದಿಲ್ಲ. ಮರಿಯಾಗಿದ್ದಾಗ 'ಕೂರು', 'ಬಾ', 'ನಿಲ್ಲು' ಎನ್ನುವುದರ ಜೊತೆಗೆ ಕೈಸನ್ನೆಯನ್ನೂ ಕಲಿಸಿದ್ದೆ. ಆಗ ಯಾಕೆ ಕಲಿಸಿದೆನೋ, ಈಗ ನಮ್ಮಿಬ್ಬರ ನಡುವೆ ಉಳಿದಿರುವ ಮಾತು ಅದೊಂದೇ. ಮರಿ ತಂದವರಿಗೆಲ್ಲ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಕಿವುಡು ನಾಯಿಯನ್ನು ನಿದ್ದೆಯಲ್ಲಿ ಥಟ್ಟನೆ ಮುಟ್ಟಿದರೆ ಬೆಚ್ಚಿಬೀಳುತ್ತದೆ, ಬೆಚ್ಚಿ ಕಚ್ಚಲೂಬಹುದು. ಹಾಗಾಗಿ ಬೆಳಿಗ್ಗೆ ಗುಂಡನ ಹಾಸಿಗೆಯ ಬಳಿ ಕುಳಿತು ಅಂಗೈಯನ್ನು ಅವನ ಮೂಗಿನಿಂದ ಒಂದು ಗೇಣು ದೂರದಲ್ಲಿ ಹಿಡಿಯುತ್ತೇನೆ. ಕಾಲುಗಳು ಕನಸಿನಲ್ಲಿ ಓಡುತ್ತಿರುತ್ತವೆ, ತುಟಿ ಅದುರುತ್ತಿರುತ್ತದೆ. ಮೊದಲು ಹೊಳ್ಳೆ ಒಂದು ಸಲ ಅಲುಗುತ್ತದೆ. ಮತ್ತೊಂದು ಸಲ. ಓಡುತ್ತಿದ್ದ ಕಾಲುಗಳು ನಿಲ್ಲುತ್ತವೆ. ಕಣ್ಣು ಇನ್ನೂ ಮುಚ್ಚಿಯೇ ಇರುತ್ತದೆ, ಅಷ್ಟರಲ್ಲಾಗಲೇ ಬಾಲ ನೆಲಕ್ಕೆ ಬಡಿಯತೊಡಗಿರುತ್ತದೆ.