7×57 ಮೌಸರ್ ಕಾಡತೂಸನ್ನು ಒಲಿಸಿಕೊಳ್ಳುವ ಬಗೆ

ಅಮೆರಿಕದ ಬಂದೂಕಿನ ಅಂಗಡಿಗಳಲ್ಲಿ 6.5 ಕ್ರೀಡ್‌ಮೂರ್, .308 ವಿಂಚೆಸ್ಟರ್ ಕಾಡತೂಸುಗಳು ಧಾರಾಳವಾಗಿ ಸಿಗುತ್ತವೆ. 7×57 ಮೌಸರ್ (ಸುಮಾರು 7 ಮಿ.ಮೀ. ವ್ಯಾಸದ ಗುಂಡು, 57 ಮಿ.ಮೀ. ಉದ್ದದ ಕೋಶ) ಬೇಕೆಂದರೆ ಸಾಮಾನ್ಯವಾಗಿ ಹೇಳಿ ತರಿಸಿಕೊಳ್ಳಬೇಕು. 1893ರಲ್ಲಿ ಸ್ಪೇನಿನ ಸೈನ್ಯವನ್ನು ಸೇರಿದ ಈ ಜರ್ಮನ್ ಕಾಡತೂಸನ್ನು ಬ್ರಿಟನ್ನಿನಲ್ಲಿ ರಿಗ್ಬಿ ಸಂಸ್ಥೆ .275 ಎಂಬ ಹೆಸರಿನಿಂದ ಮಾರಿತು. ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು 1907ರಲ್ಲಿ ಕೊಂದ ಜಿಮ್ ಕಾರ್ಬೆಟ್ ಅವರಿಗೆ ಉಡುಗೊರೆಯಾಗಿ ಬಂದದ್ದು ಇದೇ ಅಳತೆಯ ರಿಗ್ಬಿ ರೈಫಲ್. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆಯ ಕಾಲ ಮುಗಿದಿದೆ. ಆದ್ದರಿಂದ ಇಲ್ಲಿನ ಮಾತುಗಳೆಲ್ಲ ಪರವಾನಗಿ ಪಡೆದು ಜಿಂಕೆ, ಎಲ್ಕ್ ಎಂಬ ದೊಡ್ಡ ಸಾರಂಗಗಳನ್ನು ಬೇಟೆಯಾಡಲು ಅವಕಾಶವಿರುವ ನಾಡುಗಳಿಗೆ ಸಲ್ಲುವಂಥವು.

ಮೊದಲು ನೋಡಬೇಕಾದದ್ದು ಕಾಡತೂಸನ್ನಲ್ಲ, ರೈಫಲನ್ನು. 1893 ಮತ್ತು 1895ರ ಮಾದರಿಯ ಹಳೆಯ ಮೌಸರ್‌ಗಳು 1898ರ ಮಾದರಿಯಷ್ಟು ಗಟ್ಟಿಯಲ್ಲ. ಅವು ಇಂದಿಗೂ ಬಳಕೆಯಲ್ಲಿರುವುದರಿಂದಲೇ ಅಮೆರಿಕದ ಮಾನದಂಡವು 7×57 ಸಿಡಿದಾಗ ಒಳಗೆ ಉಂಟಾಗುವ ಗರಿಷ್ಠ ಒತ್ತಡವನ್ನು ಚದರ ಇಂಚಿಗೆ 51,000 ಪೌಂಡಿಗೆ ಮಿತಗೊಳಿಸಿದೆ; .308ಕ್ಕೆ ಅದು 62,000. ಈ ಕಾಡತೂಸು ದುರ್ಬಲವೆಂಬ ಅಪವಾದದ ಮೂಲ ಬಹುಮಟ್ಟಿಗೆ ಇಲ್ಲಿದೆ. ಹಳೆಯ ರೈಫಲ್ ಕೈಗೆ ಬಂದರೆ ಅನುಭವಿ ಬಂದೂಕು ದುರಸ್ತಿಗಾರರಿಂದ ಪರೀಕ್ಷೆ ಮಾಡಿಸದೆ ಒಂದು ಗುಂಡನ್ನೂ ಹಾರಿಸಬಾರದು. ಯುರೋಪಿನ ಹೆಚ್ಚು ಒತ್ತಡದ ಕಾಡತೂಸುಗಳನ್ನು ಸುಸ್ಥಿತಿಯಲ್ಲಿರುವ 1898ರ ಮಾದರಿಗೆ ಅಥವಾ ಆಧುನಿಕ ರೈಫಲ್‌ಗಳಿಗೆ ಮೀಸಲಿಡಬೇಕು.

ಮುಂದಿನದು ಗುಂಡಿನ ಆಯ್ಕೆ, ನನ್ನ ಮಟ್ಟಿಗೆ ಈ ಕಾಡತೂಸಿನ ನಿಜವಾದ ಸೊಗಸು ಇರುವುದೇ ಇಲ್ಲಿ. .284 ಇಂಚು ವ್ಯಾಸದಲ್ಲಿ 175 ಗ್ರೇನ್ (ಸುಮಾರು 11 ಗ್ರಾಂ) ತೂಕವನ್ನು ಹೊತ್ತ ಗುಂಡು ಉದ್ದವಾಗಿರುವುದರಿಂದ, ಸಾಧಾರಣ ವೇಗದಲ್ಲಿಯೂ ಆಳಕ್ಕೆ ಇಳಿಯುತ್ತದೆ. ಆನೆ ಬೇಟೆಗೆ ಹೆಸರಾದ ಡಬ್ಲ್ಯು. ಡಿ. ಎಂ. ಬೆಲ್ ಆಫ್ರಿಕದಲ್ಲಿ ಇದೇ ಕಾಡತೂಸಿನ ಗಟ್ಟಿ ಗುಂಡುಗಳಿಂದ ಆನೆಗಳನ್ನು ಕೆಡವಿದ್ದು ಆ ಗುಣದಿಂದಲೂ ಆನೆಯ ತಲೆಬುರುಡೆಯ ರಚನೆಯನ್ನು ಅವರು ಚೆನ್ನಾಗಿ ಅರಿತಿದ್ದುದರಿಂದಲೂ. ಅದನ್ನು ಅನುಕರಿಸುವ ಆಸೆ ಯಾರಿಗೂ ಬೇಡ. ಬಿಳಿಬಾಲದ ಜಿಂಕೆಗೆ 140 ಗ್ರೇನ್ ಗುಂಡು ಧಾರಾಳವಾಗಿ ಸಾಕು. ಎಲ್ಕ್‌ಗೆ ಸುಲಭವಾಗಿ ಚೂರಾಗದ, ಗಟ್ಟಿ ರಚನೆಯ 160ರಿಂದ 175 ಗ್ರೇನ್ ಗುಂಡನ್ನೇ ಆರಿಸಿಕೊಳ್ಳಿ. ಹಳೆಯ ರೈಫಲ್‌ಗಳ ನಳಿಕೆಯ ಆರಂಭದ ಭಾಗವನ್ನು ಉದ್ದನೆಯ, ಭಾರವಾದ ಗುಂಡಿಗೆಂದೇ ಕೊರೆದಿರುತ್ತಾರೆ. ಹಗುರ ಗುಂಡುಗಳು ಗುರಿಹಲಗೆಯ ಮೇಲೆ ಚದುರಿ ಬಿದ್ದರೆ ರೈಫಲನ್ನು ದೂರುವ ಮೊದಲು ಭಾರವಾದವನ್ನು ಪ್ರಯತ್ನಿಸಿ ನೋಡಬೇಕು.

ದೂರದ ಲೆಕ್ಕ ಸರಳವಾಗಿದೆ. ಸೆಕೆಂಡಿಗೆ ಸುಮಾರು 2,660 ಅಡಿ ವೇಗದಲ್ಲಿ ಹೊರಡುವ 140 ಗ್ರೇನ್ ಗುಂಡಿಗೆ 200 ಗಜಕ್ಕೆ ಗುರಿ ಹೊಂದಿಸಿದರೆ, 100 ಗಜದಲ್ಲಿ ಅದು ಸುಮಾರು 2 ಇಂಚು ಮೇಲಕ್ಕೂ 300 ಗಜದಲ್ಲಿ ಎಂಟು ಒಂಬತ್ತು ಇಂಚು ಕೆಳಕ್ಕೂ ಬೀಳುತ್ತದೆ. ಇದನ್ನು ನಿಮ್ಮ ರೈಫಲ್‌ನಿಂದಲೇ ಹಾರಿಸಿ ಖಚಿತಪಡಿಸಿಕೊಳ್ಳಿ. 300 ಗಜದಾಚೆಗೆ ನಿಂತ ಪ್ರಾಣಿಯನ್ನು ಬಿಟ್ಟುಬಿಡುವ ಸಂಯಮ ಈ ಕಾಡತೂಸನ್ನು ಒಪ್ಪಿಕೊಂಡವರಿಗೆ ಇರಲೇಬೇಕು.

ಮ್ಯಾಗ್ನಮ್ ರೈಫಲ್‌ನ ಒದೆತಕ್ಕೆ ಬೆದರಿ ಬಂದೂಕಿನ ಕುದುರೆ (ಟ್ರಿಗರ್) ಒತ್ತುವ ಹೊತ್ತಿಗೆ ಕಣ್ಣು ಮುಚ್ಚಿಬಿಡುವವರು ಬಹಳ ಮಂದಿ. 7×57ರ ಒದೆತ ಮೃದುವಾಗಿರುವುದರಿಂದ ಭುಜ ನೋಯುತ್ತದೆಂದು ಅಭ್ಯಾಸವನ್ನು ಬೇಗನೆ ನಿಲ್ಲಿಸಬೇಕಾಗಿಲ್ಲ. ಮೇಜಿಗೆ ಆನಿಸಿ ಗುರಿ ಹೊಂದಿಸಿದ ಮೇಲೆ ಮೇಜನ್ನು ಬಿಟ್ಟು, ಬೇಟೆಯಲ್ಲಿ ಎದುರಾಗುವಂತೆ ಕುಳಿತು, ಮೊಣಕಾಲೂರಿ, ಮರಕ್ಕೆ ಒರಗಿ ಹಾರಿಸಿ. ಮುಂಗಾಲಿನ ಹಿಂಬದಿಯಲ್ಲಿರುವ ಹೃದಯ ಮತ್ತು ಶ್ವಾಸಕೋಶದಷ್ಟು ಜಾಗಕ್ಕೆ ಪ್ರತಿಬಾರಿಯೂ ಗುಂಡು ತಾಗುವ ದೂರ ಎಷ್ಟೋ, ಅಷ್ಟೇ ನಿಮ್ಮ ಬೇಟೆಯ ಮಿತಿ.

ಅಂಗಡಿಯಲ್ಲಿ ಅಪರೂಪವಾಗಿರುವ ಕಾರಣ, ನಿಮ್ಮ ರೈಫಲ್‌ಗೆ ಒಗ್ಗಿದ ಕಾಡತೂಸು ಸಿಕ್ಕಿದಾಗ ಒಂದೇ ತಯಾರಿಕಾ ಸಂಖ್ಯೆಯ ಹಲವು ಪೆಟ್ಟಿಗೆಗಳನ್ನು ಕೊಂಡಿಡಿ. ತಯಾರಿಕಾ ಸಂಖ್ಯೆ ಬದಲಾದರೆ ಬೇಟೆಯ ಋತು ಆರಂಭವಾಗುವ ಮೊದಲು ಗುರಿಯನ್ನು ಮತ್ತೆ ಪರೀಕ್ಷಿಸಬೇಕು.